ಉಗ್ರಾಣದಲ್ಲಿ ಕೊಳೆಯುವ ಔಷಧಿ ಯಾರ ಹಣ?

ಆಸ್ಪತ್ರೆಯಲ್ಲಿ ಔಷಧಿ ಹಾಳಾಯಿತೆಂದರೆ ಅದು ಸರಕಾರದ ನಷ್ಟವೆಂದು ನಮ್ಮ ಜನ ಸುಮ್ಮನಾಗುತ್ತಾರೆ. ಈ ಭಾವನೆ ಮೊದಲು ತೊಲಗಬೇಕು. ಇ.ಎಸ್.ಐ. ಚಿಕಿತ್ಸಾಲಯದ ಪ್ರತಿಯೊಂದು ಗುಳಿಗೆಯಲ್ಲೂ ಗಿರಣಿ ಕಾರ್ಮಿಕನ ಕೂಲಿಯ ಪಾಲಿದೆ. 1952ರಲ್ಲಿ ಆರಂಭವಾದ ಈ ಯೋಜನೆಗೆ, 2019ರ ಜುಲೈಯಲ್ಲಿ ಗೊತ್ತಾದ ದರದಂತೆ, ನೂರು ರೂಪಾಯಿ ಸಂಬಳಕ್ಕೆ ಕಾರ್ಮಿಕನಿಂದ 75 ಪೈಸೆ, ಮಾಲೀಕನಿಂದ 3 ರೂಪಾಯಿ 25 ಪೈಸೆ ಸಲ್ಲಬೇಕು. ಮಾಲೀಕ ಕೊಡುವುದೂ ನಮ್ಮ ದುಡಿಮೆಯ ಫಲವೇ. ಜಿಲ್ಲಾಸ್ಪತ್ರೆಯ ಔಷಧಿಯಲ್ಲಿ ಸಣ್ಣ ವ್ಯಾಪಾರಿ ಕಟ್ಟಿದ ತೆರಿಗೆ ಸೇರಿದೆ.

ಔಷಧಿ ಹಾಳಾಗುವುದು ದೈವೇಚ್ಛೆಯಿಂದಲ್ಲ. ಕಳೆದ ವರ್ಷದ ಬೇಡಿಕೆಪಟ್ಟಿಗೆ ಒಂದಿಷ್ಟು ಸೇರಿಸಿ ಮೇಲಕ್ಕೆ ಕಳಿಸುವುದು. ಮಂಜೂರಾದ ಹಣ ಮಾರ್ಚ್ ಮುಗಿಯುವುದರೊಳಗೆ ಖರ್ಚಾಗಬೇಕೆಂದು ಅವಸರದಲ್ಲಿ ಕೊಳ್ಳುವುದು. ಅವಧಿ ತೀರಲು ಕೆಲವೇ ತಿಂಗಳಿರುವ ಸರಕನ್ನು ಒಪ್ಪಿಕೊಳ್ಳುವುದು. ಹೊಸ ಪೆಟ್ಟಿಗೆಯನ್ನು ಮುಂದಿಟ್ಟು ಹಳೆಯದನ್ನು ಗೋಡೆಗೆ ತಳ್ಳುವುದು. ಹೀಗೆ ನಡೆದಲ್ಲಿ ಒಂದು ಉಗ್ರಾಣದಲ್ಲಿ ಔಷಧಿ ಕೊಳೆಯುತ್ತದೆ, ಪಕ್ಕದ ತಾಲ್ಲೂಕಿನ ರೋಗಿಯ ಕೈಗೆ ಹೊರಗಿನ ಅಂಗಡಿಯ ಚೀಟಿ ಬರುತ್ತದೆ. ಹಳೆಯ ದಾಸ್ತಾನು ಮೊದಲು ಕರಗಬೇಕೆಂಬುದು ದಿನಸಿ ಅಂಗಡಿಯ ಹುಡುಗನಿಗೂ ಗೊತ್ತು. ಅಂಗಡಿಯವನಿಗೆ ತನ್ನ ಗಂಟು ಹೋಗುವ ಭಯವಿದೆ. ಉಗ್ರಾಣದಲ್ಲಿ ಹೋಗುವುದು ಊರವರ ಗಂಟು.

ಇದಕ್ಕೆ ಮದ್ದಿದೆ. ತಮಿಳುನಾಡಿನಲ್ಲಿ 1994ರಲ್ಲಿ ಸ್ಥಾಪಿತವಾದ ವೈದ್ಯಕೀಯ ಸೇವಾ ನಿಗಮವು ಅವಶ್ಯಕ ಔಷಧಿಗಳ ಪಟ್ಟಿ ಮಾಡಿ, ಇಡೀ ರಾಜ್ಯಕ್ಕೆ ಒಟ್ಟಾಗಿ ಕೊಂಡು, ಜಿಲ್ಲಾ ಉಗ್ರಾಣಗಳಲ್ಲಿಟ್ಟು, ಆಸ್ಪತ್ರೆಗಳಿಗೆ ಪಾಸ್‌ಬುಕ್ಕು ಕೊಟ್ಟಿತು. ತನ್ನ ಪಾಲಿನ ಮೊತ್ತದೊಳಗೆ ಬೇಕಾದುದನ್ನು ಬೇಕಾದಾಗ ಆಸ್ಪತ್ರೆ ಎತ್ತಿಕೊಳ್ಳುತ್ತದೆ. ಯಾವ ಉಗ್ರಾಣದಲ್ಲಿ ಎಷ್ಟಿದೆಯೆಂಬುದು ಗಣಕಯಂತ್ರದಲ್ಲಿ ಕಾಣುತ್ತದೆ. ಕರ್ನಾಟಕದಲ್ಲೂ ನಿಗಮವಿದೆ, ಉಗ್ರಾಣಗಳಿವೆ, ಗಣಕಯಂತ್ರದ ಲೆಕ್ಕವೂ ಇದೆ. ಆ ಲೆಕ್ಕ ಅಧಿಕಾರಿಯ ಮೇಜಿನ ಮೇಲಿದ್ದರೆ ಸಾಲದು. ಹಣ ಕೊಟ್ಟವರ ಕಣ್ಣಿಗೆ ಬೀಳಬೇಕು.

ಎಲ್ಲ ನಷ್ಟವೂ ಅಪರಾಧವೆಂದು ನಾವು ಹೇಳುವುದಿಲ್ಲ. ಹಾವು ಕಚ್ಚಿದವರು ಬಾರದೆ ವಿಷಮದ್ದಿನ ಅವಧಿ ತೀರಿದರೆ ಊರಿಗೆ ಒಳ್ಳೆಯದೇ ಆಯಿತು, ಅದನ್ನು ಇಡಲೇಬೇಕು. ನಮ್ಮ ತಕರಾರು ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡದ ದಿನಬಳಕೆಯ ಗುಳಿಗೆಗಳ ಬಗ್ಗೆ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಆರು ತಿಂಗಳೊಳಗೆ ಅವಧಿ ತೀರುವ ಔಷಧಿಗಳ ಪಟ್ಟಿಯನ್ನು ಪ್ರತಿ ತಿಂಗಳೂ ಆಸ್ಪತ್ರೆಯ ಬಾಗಿಲಿಗೆ ಅಂಟಿಸಲಿ. ಮಿಕ್ಕಿದ್ದನ್ನು ಕೊರತೆಯಿದ್ದಲ್ಲಿಗೆ ಕೂಡಲೇ ಕಳಿಸಲಿ. ಆರೋಗ್ಯ ರಕ್ಷಾ ಸಮಿತಿಯಲ್ಲಿ ಕಾರ್ಮಿಕರಿಗೂ ವರ್ತಕರಿಗೂ ಸ್ಥಾನ ಕೊಟ್ಟು, ಉಗ್ರಾಣದ ಪುಸ್ತಕ ನೋಡುವ ಅಧಿಕಾರ ಕೊಡಲಿ. ಸಂಘದ ಮುಂದಿನ ಸಭೆಯಲ್ಲೇ ಈ ನಿರ್ಣಯ ಬರಲಿ. ದಾಸ್ತಾನಿನ ಪುಸ್ತಕ ಓದಬಲ್ಲ ವರ್ತಕರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ.