ಕನ್ನಡಿಯ ಮುಂದೆ ಕುಳಿತ ಚಿತ್ರಕಾರ

ಭಾವಚಿತ್ರ ತೆಗೆಸುವ ದಿನ ನಾವೆಲ್ಲರೂ ಒಳ್ಳೆಯ ಉಡುಪು ಧರಿಸಿ, ಮುಖದಲ್ಲಿ ನಗೆ ತಂದುಕೊಂಡು ನಿಲ್ಲುತ್ತೇವೆ. ನೋವು, ದಣಿವು, ವಯಸ್ಸು ಕಾಣಬಾರದೆಂಬುದೇ ನಮ್ಮ ಎಚ್ಚರ. ತನ್ನ ಮುಖವನ್ನು ತಾನೇ ಬರೆಯಲು ಕುಳಿತ ಕಲಾವಿದನು ಇವಾವುದನ್ನೂ ಮರೆಮಾಡದಿದ್ದರೆ?

ಹಾಲೆಂಡಿನ ರೆಂಬ್ರಾಂಟ್ ಅಂತಹವನು. 1606ರಲ್ಲಿ ಲೈಡನ್ ಪಟ್ಟಣದ ಗಿರಣಿಕಾರನ ಮಗನಾಗಿ ಜನಿಸಿದ ಆತ ಆಮ್‌ಸ್ಟರ್‌ಡ್ಯಾಮಿನಲ್ಲಿ ಕೀರ್ತಿ, ಐಶ್ವರ್ಯ ಎರಡನ್ನೂ ಕಂಡನು. ತಾರುಣ್ಯದಲ್ಲಿ ಕನ್ನಡಿಯ ಮುಂದೆ ನಕ್ಕು, ಕಣ್ಣರಳಿಸಿ, ಹುಬ್ಬುಗಂಟಿಕ್ಕಿ ತನ್ನ ಮುಖದಲ್ಲಿಯೇ ಭಾವಗಳನ್ನು ಅಭ್ಯಾಸ ಮಾಡಿದನು. ಸಿರಿಯ ದಿನಗಳಲ್ಲಿ ಬೆಲೆಬಾಳುವ ಉಡುಪಿನಲ್ಲಿ ಠೀವಿಯಿಂದ ತನ್ನನ್ನು ಚಿತ್ರಿಸಿಕೊಂಡನು.

ಆದರೆ ಕಾಲ ತಿರುಗಿತು. 1642ರಲ್ಲಿ ಪತ್ನಿ ಸಾಸ್ಕಿಯಾ ತೀರಿಕೊಂಡಳು. ಅವರ ನಾಲ್ವರು ಮಕ್ಕಳಲ್ಲಿ ಶೈಶವವನ್ನು ದಾಟಿ ಉಳಿದವನು ಟೈಟಸ್ ಒಬ್ಬನೇ. 1656ರಲ್ಲಿ ರೆಂಬ್ರಾಂಟ್ ದಿವಾಳಿಯಾದನು. ಮನೆ, ಸಾಮಾನು, ಕಲಾಸಂಗ್ರಹ ಎಲ್ಲವೂ ಮಾರಾಟವಾದವು. 1663ರಲ್ಲಿ ಬಾಳಸಂಗಾತಿ ಹೆಂಡ್ರಿಕ್ಯ, 1668ರಲ್ಲಿ ಪ್ರಾಯದ ಮಗ ಟೈಟಸ್ ಕಣ್ಮುಚ್ಚಿದರು.

ಮರುವರ್ಷ, ತನ್ನ 63ನೆಯ ವಯಸ್ಸಿನಲ್ಲಿ ಬರೆದ ಸ್ವಚಿತ್ರವೊಂದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಕಂದು ಕತ್ತಲಿನ ನಡುವೆ ಬೆಳಕು ಬಿದ್ದಿರುವುದು ಮುಖದ ಮೇಲೆ. ನೆರೆತ ಗುಂಗುರುಗೂದಲು, ಜೋತ ಕೆನ್ನೆ, ಸುಕ್ಕುಗಟ್ಟಿದ ಹಣೆ ಎಲ್ಲವನ್ನೂ ದಪ್ಪ ಬಣ್ಣದಲ್ಲಿ ತಿದ್ದಿ ತೀಡಿದ್ದಾನೆ. ಉಡುಪನ್ನೂ ಕೈಗಳನ್ನೂ ಮಾತ್ರ ಸ್ಥೂಲವಾಗಿ ಬರೆದು ಬಿಟ್ಟಿದ್ದಾನೆ. ಕಣ್ಣಿನಲ್ಲಿ ನೀರಿಲ್ಲ, ತುಟಿಯಲ್ಲಿ ದೂರಿಲ್ಲ. ಆದರೂ ಆ ನೋಟದೆದುರು ನಿಂತವರ ಮನಸ್ಸು ಭಾರವಾಗುತ್ತದೆ.

ಈ ಚಿತ್ರವನ್ನು ಕ್ಷ-ಕಿರಣದಿಂದ ಪರೀಕ್ಷಿಸಿದಾಗ ಒಂದು ಸಂಗತಿ ತಿಳಿದುಬಂದಿತು. ಮೊದಲು ಆತ ಕೈಯಲ್ಲಿ ಕುಂಚ ಹಿಡಿದಂತೆ ಬರೆದಿದ್ದನು. ಬಳಿಕ ಅದನ್ನು ಅಳಿಸಿ, ಎರಡು ಕೈಗಳನ್ನೂ ಜೋಡಿಸಿ ಮಡಿಸಿದಂತೆ ಬದಲಿಸಿದನು. ಕಾರಣವನ್ನು ಆತ ಬರೆದಿಟ್ಟಿಲ್ಲ. ಆದರೆ ಕುಂಚ ಹೋದ ಮೇಲೆ ಅಲ್ಲಿ ಉಳಿದವನು ಹೆಸರಾಂತ ಚಿತ್ರಕಾರನಲ್ಲ, ಕೇವಲ ಒಬ್ಬ ಮನುಷ್ಯ.

ರೆಂಬ್ರಾಂಟನ ಸ್ವಚಿತ್ರಗಳನ್ನು ಕೊಳ್ಳುವ ರಸಿಕರೂ ಆ ಕಾಲದಲ್ಲಿದ್ದರು. ಎಲ್ಲವೂ ಆತ್ಮಶೋಧನೆಗಾಗಿಯೇ ಹುಟ್ಟಿದವೆಂದು ಹೇಳಲಾಗದು. ಹಾಗಿದ್ದರೂ ಮಾರಾಟಕ್ಕೆ ಅನುಕೂಲವೆಂದು ಆತ ಸುಕ್ಕುಗಳನ್ನು ಅಳಿಸಲಿಲ್ಲ. ಕನಿಕರ ಬೇಡಲು ದುಃಖವನ್ನು ಹಿಗ್ಗಿಸಲೂ ಇಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ಆತ ನಿಧನನಾದನು.

ನಮ್ಮ ಮನೆಗಳಲ್ಲಿಯೂ ಹಿರಿಯರು ಮಾತಿಲ್ಲದೆ ಕುಳಿತಿರುತ್ತಾರೆ. ಅವರ ಮುಖದ ಒಂದೊಂದು ಗೆರೆಯಲ್ಲಿಯೂ ಒಂದೊಂದು ಕಥೆಯಿದೆ. ಬಿಡುವು ಮಾಡಿಕೊಂಡು ಆ ಮುಖವನ್ನು ಒಮ್ಮೆ ನಿಧಾನವಾಗಿ ನೋಡೋಣ. ಅನಂತರ ಕನ್ನಡಿಯಲ್ಲಿ ನಮ್ಮದನ್ನೂ.