ಹಳೆ ಡೋಜರ್‌ನ ಚೈನ್ ಮತ್ತು ಬಿಲ್ಲಿನ ಕೊನೆಯ ಸಾಲು

ಹಳೆ ಡೋಜರ್ ತೆಗೆದುಕೊಂಡವನ ಮಂಡೆಬಿಸಿ ಎಂಜಿನ್‌ನಲ್ಲಿ ಇಲ್ಲ, ಅಡಿಯ ಚೈನಿನಲ್ಲಿ ಉಂಟು. ಎಂಜಿನ್ ಕೆಟ್ಟರೆ ಶಬ್ದದಲ್ಲೇ ತಿಳಿಯುತ್ತದೆ. ಚೈನ್, ರೋಲರ್, ಐಡ್ಲರ್, ಸ್ಪ್ರಾಕೆಟ್ ಹಾಗಲ್ಲ, ಸದ್ದಿಲ್ಲದೆ ಸವೆಯುತ್ತವೆ. ನಮ್ಮ ಕಡೆಯ ಮುರ ಮಣ್ಣು ಕಬ್ಬಿಣವನ್ನು ಅರ ಹಾಕಿ ಉಜ್ಜಿದ ಹಾಗೆ ತಿನ್ನುತ್ತದೆ. ಗಾಡಿಯ ರಿಪೇರಿ ಖರ್ಚಿನಲ್ಲಿ ಅರ್ಧದಷ್ಟು ಈ ಅಡಿಭಾಗಕ್ಕೇ ಎಂಬುದು ಕಸುಬಿನವರ ಲೆಕ್ಕ.

ಮದ್ರಸದಲ್ಲಿ ಕಲಿಸುವ ನಮಗೆ ಡೋಜರ್ ವಿಷಯ ಎಂತಕ್ಕೆ ಅಂತ ಕೇಳಬಹುದು. ಮಾರಿದವನಿಗೂ ಕೊಂಡವನಿಗೂ ಜಗಳವಾದಾಗ ಇಬ್ಬರೂ ಉಸ್ತಾದರ ಹತ್ತಿರ ಬರುವುದು ಹೊಸತಲ್ಲ. ಗುಜರಿ, ಮರ, ಮಣ್ಣಿನ ಕೆಲಸ ನಮ್ಮವರಲ್ಲಿ ಎಷ್ಟೋ ಮನೆಗಳ ಅನ್ನ. ಹೆಂಡತಿಯ ಚಿನ್ನ ಮಾರಿ ಗಾಡಿ ತೆಗೆದ ಹುಡುಗನಿಗೆ ಪೇಂಟ್ ಹೊಡೆದ ರೋಲರ್ ಹೊಸದೆಂದು ಕೊಟ್ಟರೆ, ಅಲ್ಲಿ ಹೋಗುವುದು ಬರೀ ಕಬ್ಬಿಣವಲ್ಲ.

ಹಳೆ ಡೋಜರ್ ಎಂದರೆ ಇಲ್ಲಿ ಹೆಚ್ಚು ಕೇಳುವ ಹೆಸರು ಡಿ-50. 1964ರಲ್ಲಿ ಶುರುವಾದ ಬಿಇಎಂಎಲ್ ಜಪಾನಿನ ಕೊಮಾಟ್ಸು ವಿನ್ಯಾಸದ ಮೇಲೆ ಕೆಜಿಎಫ್‌ನಲ್ಲಿ ಮಾಡಿದ ಗಾಡಿ ಅದು. ಜೆಸಿಬಿ, ಹಿಟಾಚಿ ಬಂದ ಮೇಲೆ ಡೋಜರ್ ಕಾಣುವುದು ಕಡಿಮೆ, ಹಾಗಾಗಿ ಅದರ ಸಾಮಾನು ಹುಡುಕಿಕೊಂಡು ಬೆಂಗಳೂರಿಗೆ ಹೋಗುವವರು ಉಂಟು, ಶಾರ್ಜಾದಲ್ಲಿರುವ ಭಾವನಿಗೆ ಫೋಟೋ ಕಳಿಸುವವರೂ ಉಂಟು. ಬರೀ ‘ಡಿ-50 ಚೈನ್’ ಎಂದು ಕೇಳಿದರೆ ಸಾಲದು. ಡಿ-50ರ ನಂತರದ ಅಕ್ಷರ, ಅಂಕಿ, ಪ್ಲೇಟಿನಲ್ಲಿರುವ ಸೀರಿಯಲ್ ನಂಬರ್, ಲಿಂಕಿನ ಮೇಲೆ ಕೊರೆದ ನಂಬರ್ ಬರೆದುಕೊಂಡು ಹೋಗಬೇಕು.

ಅದಕ್ಕೂ ಮೊದಲು ಅಳತೆ. ಚೈನನ್ನು ಬಿಗಿಯಾಗಿ ಎಳೆದು ನಿಲ್ಲಿಸಿ, ಮಾಸ್ಟರ್ ಪಿನ್ ಬಿಟ್ಟು ನಾಲ್ಕು ಲಿಂಕಿನ ಉದ್ದ ಅಳೆದು ನಾಲ್ಕರಿಂದ ಭಾಗಿಸಿದರೆ ಒಂದು ಲಿಂಕ್ ಎಷ್ಟು ಉದ್ದವಾಗಿದೆ ಗೊತ್ತಾಗುತ್ತದೆ. ಒಂದು ಲಿಂಕಿಗೆ ಎರಡೇ ಮಿಲಿಮೀಟರ್ ಹೆಚ್ಚಾದರೂ 40 ಲಿಂಕಿನ ಚೈನ್ 80 ಮಿಲಿಮೀಟರ್ ಉದ್ದವಾಯಿತು. ಅಂಥ ಚೈನಿಗೆ ಹೊಸ ಸ್ಪ್ರಾಕೆಟ್ ಹಾಕಿದರೆ ಹಲ್ಲು ಸರಿಯಾಗಿ ಕೂರುವುದಿಲ್ಲ, ಹೊಸದೂ ಬೇಗ ಹಾಳು. ಹಾಗಂತ ‘ಪೂರಾ ಸೆಟ್ ಬದಲಾಯಿಸಿ’ ಎಂಬ ಅಂಗಡಿಯವನ ಮಾತಿಗೆ ತಲೆ ಹಾಕಬೇಕೆಂದಿಲ್ಲ. ಪಿನ್ನು, ಬುಶ್ಶು ಒಂದೇ ಬದಿಗೆ ಸವೆಯುತ್ತವೆ. ತೀರಾ ಸವೆಯುವ ಮೊದಲೇ ಪ್ರೆಸ್‌ನಲ್ಲಿ ಬಿಚ್ಚಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರೆ ಅದೇ ಚೈನ್ ಇನ್ನಷ್ಟು ಕಾಲ ಓಡುತ್ತದೆ. ಸವೆದ ರೋಲರಿಗೆ ವೆಲ್ಡಿಂಗ್ ತುಂಬಿಸಿ ಲೇತಿಗೆ ಹಾಕುವುದೂ ಮರ್ಯಾದೆಯ ಕೆಲಸವೇ, ಅದನ್ನು ಹೇಳಿ ಮಾರಿದರೆ.

ತಕರಾರು ಇರುವುದು ಹೇಳದೆ ಮಾರುವುದರಲ್ಲಿ. ಸೀಲ್ ಹೋದ ರೋಲರಿಗೆ ಗ್ರೀಸ್ ತುಂಬಿ ಹಳದಿ ಪೇಂಟ್ ಹೊಡೆದರೆ ಅಂಗಡಿಯಲ್ಲಿ ಸಲೀಸಾಗಿ ತಿರುಗುತ್ತದೆ. ಗುಡ್ಡಕ್ಕೆ ಹತ್ತಿದ ಮೇಲೆ ಬಿಸಿಯಾಗಿ ಹಿಡಿದುಕೊಳ್ಳುತ್ತದೆ, ತಿರುಗದೆ ಉಜ್ಜಿ ಚಪ್ಪಟೆಯಾಗುತ್ತದೆ, ಚೈನನ್ನೂ ಹಾಳು ಮಾಡುತ್ತದೆ. ಕೇಳಿದರೆ ಬಿಲ್ಲಿನ ಕೊನೆಯ ಸಾಲು ತೋರಿಸುತ್ತಾರೆ: ಗ್ಯಾರಂಟಿ ಇಲ್ಲ, ವಾಪಸ್ ಇಲ್ಲ.

ಆ ಸಾಲು ಎಲ್ಲವನ್ನೂ ಮುಗಿಸುತ್ತದೆ ಎಂದು ತಿಳಿದವರಿಗೆ ನಾವು ಹೇಳಬೇಕಾದದ್ದು ಇಷ್ಟು. ನಮ್ಮ ಶಾಫಿಈ ಫಿಕ್‌ಹ್‌ನಲ್ಲಿ ಮಾಲಿನ ಐಬು ಮುಚ್ಚಿಟ್ಟರೆ ಕೊಂಡವನಿಗೆ ವಾಪಸ್ ಕೊಡುವ ಹಕ್ಕು ಉಂಟು. ‘ಐಬಿಗೆ ನಾನು ಜವಾಬ್ದಾರನಲ್ಲ’ ಎಂಬ ಷರತ್ತು ಹಾಕಿದರೂ ಮಾರಿದವನು ಪಾರಾಗುವುದು ಪ್ರಾಣಿಯ ಒಳಗಿನ, ಅವನಿಗೇ ಗೊತ್ತಿಲ್ಲದ ಐಬಿನಿಂದ ಮಾತ್ರ. ರೋಲರ್ ಎತ್ತೂ ಅಲ್ಲ, ಎಮ್ಮೆಯೂ ಅಲ್ಲ. ‘ಹಳೆ ಸಾಮಾನು ಮಾರಾಯ್ರೆ, ಮತ್ತೆಂತ ಸಿಗುತ್ತದೆ?’ ಎನ್ನುವ ವ್ಯಾಪಾರಿಗಳ ಮಾತಿನಲ್ಲಿ ಅರ್ಧ ನ್ಯಾಯ ಉಂಟು. ಹಳೆಯದೆಂದು ಹೇಳಿ, ತೋರಿಸಿ, ಹಳೆಯದರ ಕ್ರಯಕ್ಕೆ ಕೊಟ್ಟರೆ ಯಾರಿಗೂ ದೂರಿಲ್ಲ.

ಕೊಂಡವನಿಗೂ ಒಂದು ಕಟ್ಟು ಉಂಟು, ಅದನ್ನು ನಮ್ಮ ಹುಡುಗರು ಮರೆಯುತ್ತಾರೆ. ಐಬು ಕಂಡ ಕೂಡಲೇ ತಿಳಿಸಬೇಕು. ಕಂಡೂ ಸುಮ್ಮನಿದ್ದು, ಸೀಸನ್ ಮುಗಿಯುವವರೆಗೆ ಗಾಡಿ ಓಡಿಸಿ, ಮಳೆ ಶುರುವಾದ ಮೇಲೆ ರೋಲರ್ ಹೊತ್ತುಕೊಂಡು ಹೋದರೆ ಆ ಹಕ್ಕು ಉಳಿಯುವುದಿಲ್ಲ. ಅದಕ್ಕೇ ಫಿಟ್ ಮಾಡುವ ಮೊದಲು ಅಂಗಡಿಯವನ ಎದುರಲ್ಲೇ ಕ್ಯಾಲಿಪರ್ ಹಿಡಿದು ಬುಶ್ಶಿನ ಹೊರಸುತ್ತು ಅಳೆಯಿರಿ, ರೋಲರ್ ಬದಿಯಲ್ಲಿ ಎಣ್ಣೆ ಜಿನುಗಿದ ಗುರುತು ನೋಡಿ, ಪೇಂಟ್ ಸ್ವಲ್ಪ ಕೆರೆದು ವೆಲ್ಡಿಂಗ್ ಉಂಟಾ ನೋಡಿ. ಅಳೆಯಲು ಬಿಡದವನ ಅಂಗಡಿ ಬೇಡ. ಬಿಲ್ಲಿನಲ್ಲಿ ಬರೀ ‘ರೋಲರ್ 5’ ಎಂದಿದ್ದರೆ ತೆಗೆದುಕೊಳ್ಳಬೇಡಿ. ಹೊಸತಾ, ವೆಲ್ಡ್ ಮಾಡಿದ್ದಾ, ಗಾಡಿಯಿಂದ ಕಳಚಿದ್ದಾ, ಬುಶ್ ತಿರುಗಿಸಿದ ಚೈನಾ, ಅಳತೆ ಎಷ್ಟು ಎಂದು ಅವನ ಕೈಯಲ್ಲೇ ಬರೆಸಿ, ಆಮೇಲೆ ಹಣ ಎಣಿಸಿ.