ಲಿನಕ್ಸ್‌ನ ಹೊಸ್ತಿಲು ತಗ್ಗಬೇಕು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದ, ಆದರೆ ಇನ್ನೂ ಚೆನ್ನಾಗಿಯೇ ಓಡುವ ಕಂಪ್ಯೂಟರ್‌ಗಳಿಗೆ ವಿಂಡೋಸ್ 11 ಅಧಿಕೃತವಾಗಿ ಸಿಗದು. ಅವುಗಳಿಗೆ ಲಿನಕ್ಸ್ ಒಳ್ಳೆಯ ದಾರಿ. ಆದರೂ ಹೊಸಬರು ಹೊಸ್ತಿಲಲ್ಲೇ ನಿಂತುಬಿಡುತ್ತಾರೆ. ಇದಕ್ಕೆ ಅವರನ್ನೇ ದೂರುವುದು ಅನ್ಯಾಯ. ಮೊದಲು ಚಲಾಯಿಸಿ ನೋಡಿ, ಮೆಚ್ಚಿದರೆ ಮೌಸ್ ಒತ್ತಿಯೇ ಇನ್‌ಸ್ಟಾಲ್ ಮಾಡುವ ಸೌಲಭ್ಯ ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ 2006ರಿಂದಲೇ ಇದೆ. ಕಷ್ಟ ಶುರುವಾಗುವುದು ಇನ್‌ಸ್ಟಾಲ್ ಪರದೆ ಕಾಣುವ ಮುನ್ನವೇ. ಲಿನಕ್ಸ್‌ನ ಐಎಸ್‌ಒ ಕಡತವನ್ನು ಪೆನ್‌ಡ್ರೈವ್‌ಗೆ ಬರೆಯಬೇಕು, ಕಂಪನಿಗೊಂದು ತೆರನಾದ ಕೀಲಿ ಒತ್ತಿ ಬೂಟ್ ಮೆನು ಹುಡುಕಬೇಕು, ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದನ್ನೂ ನಿಭಾಯಿಸಬೇಕು. ಆಮೇಲೆ ಡಿಸ್ಕ್ ವಿಭಜನೆ. ಅಲ್ಲಿ ಒಂದು ಆಯ್ಕೆ ತಪ್ಪಿದರೆ ಮನೆಯವರ ಫೋಟೊಗಳೆಲ್ಲ ಅಳಿಸಿಹೋದಾವು ಎಂಬ ಭಯ ಸಕಾರಣವಾದದ್ದೇ.

ಸ್ವಲ್ಪ ಕಲಿತರೇನು ನಷ್ಟ ಎಂದು ಹಳೆಯ ಬಳಕೆದಾರರು ಕೇಳುತ್ತಾರೆ. ಕಲಿಯುವುದು ಒಳ್ಳೆಯದೇ. ಆದರೆ ವಿಂಡೋಸ್ ಬಳಸುವ ಬಹುಪಾಲು ಜನ ಅದನ್ನು ತಾವಾಗಿ ಇನ್‌ಸ್ಟಾಲ್ ಮಾಡಿದವರಲ್ಲ, ಅದು ಅಂಗಡಿಯಿಂದಲೇ ಬಂದಿರುತ್ತದೆ. ಲಿನಕ್ಸ್ ಬಯಸುವವರಿಗೆ ಮಾತ್ರ ಪ್ರವೇಶ ಪರೀಕ್ಷೆ ಏಕೆ? ಕೇರಳದ ಸರ್ಕಾರಿ ಶಾಲೆಗಳಲ್ಲಿ ಅಲ್ಲಿನ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿಕೊಟ್ಟ ಉಬುಂಟು ಆಧಾರಿತ ವ್ಯವಸ್ಥೆಯನ್ನು ಮಕ್ಕಳು ಸಲೀಸಾಗಿ ಬಳಸುತ್ತಾರೆ. ಬಳಕೆ ಕಷ್ಟವಲ್ಲ, ಸಿದ್ಧತೆಯ ಹೊರೆಯನ್ನು ಯಾರು ಹೊರಬೇಕೆಂಬುದೇ ಪ್ರಶ್ನೆ. ಕನ್ನಡ ಟೈಪಿಸುವ ಸಿದ್ಧತೆಯೂ ಹೀಗೆಯೇ: ನಮಗೆ ಒಗ್ಗಿರುವ ಕಗಪ ಕೀಲಿಮಣೆ ಲಿನಕ್ಸ್‌ನಲ್ಲೂ ಇದೆ, ಆದರೆ ಹೊಸಬರು ಅದನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಬೇಕು. ಇನ್‌ಸ್ಟಾಲ್ ಮಾಡುವಾಗ ಕನ್ನಡ ಆರಿಸಿದವರಿಗೆ ಅದು ಕಣ್ಣೆದುರೇ ಸಿಗಬೇಕು. ಅಲ್ಲಿಯವರೆಗೆ ಲಿನಕ್ಸ್ ಬಲ್ಲವರು, ಕಂಪ್ಯೂಟರ್ ರಿಪೇರಿ ಅಂಗಡಿಯವರು, ಎಂಜಿನಿಯರಿಂಗ್ ಕಾಲೇಜುಗಳು ಮುಂದೆ ಬರಲಿ: ಕಡತಗಳ ಬ್ಯಾಕಪ್ ತೆಗೆದು, ಕನ್ನಡ ಸಮೇತ ಎಲ್ಲವನ್ನೂ ಅಣಿಗೊಳಿಸಿ ಯಂತ್ರವನ್ನು ಕೈಗಿಡಲಿ.